ಅಪ್ಪನ ಕ್ರಯಪತ್ರ ಮತ್ತು ಒಂದು ಕೆಲ್ಟಿಕ್ ನಿಘಂಟು

ಅಪ್ಪ ಸಾಗರದಲ್ಲಿ ಪತ್ರ ಬರಹಗಾರರಾಗಿದ್ದರು. ದಿನಾ ನೋಂದಣಿ ಕಚೇರಿ ಎದುರು ಕೂತು ಕ್ರಯಪತ್ರ ಬರೆಯುತ್ತಿದ್ದರು. ಆ ‘ಕ್ರಯ’ದ ದಾಯಾದಿಗಳು ನನಗೆ ಸಿಕ್ಕಿದ್ದು ಮ್ಯೂನಿಕ್‌ಗೆ ಬಂದ ಮೇಲೆ, ಸ್ಟೆಫಾನ್ ಶೂಮಾಖರ್ ಅವರ ‘ಡೀ ಕೆಲ್ಟಿಷೆನ್ ಪ್ರಿಮೇರ್‌ವೆರ್ಬೆನ್’ ಎಂಬ ನಿಘಂಟಿನಲ್ಲಿ. 2004ರಲ್ಲಿ ಆಸ್ಟ್ರಿಯಾದ ಇನ್ಸ್‌ಬ್ರುಕ್‌ನಲ್ಲಿ ಅಚ್ಚಾದ ದಪ್ಪ ಪುಸ್ತಕ. ಮೊದಲು ಗ್ರಂಥಾಲಯದಿಂದ ತಂದೆ. ವಾಪಸ್ ಕೊಡಲು ಮನಸ್ಸಾಗದೆ ಕೊಂಡೇ ಬಿಟ್ಟೆ.

ಕೆಲ್ಟಿಕ್ ಅಂದರೆ ಐರಿಷ್, ವೆಲ್ಷ್, ಬ್ರೆಟನ್ ಸೇರಿದ ಭಾಷಾ ಕುಟುಂಬ. ಇವುಗಳ ಮೂಲ ಭಾಷೆಯನ್ನು ಯಾರೂ ಬರೆದಿಟ್ಟಿಲ್ಲ. ಮಕ್ಕಳ ಮಾತು ಹೋಲಿಸಿ ತಾಯಿಯ ಮಾತು ಕಟ್ಟಿಕೊಳ್ಳಬೇಕು. ಈ ನಿಘಂಟಿನಲ್ಲಿ ಧಾತುವಿನಿಂದ ನೇರವಾಗಿ ಹುಟ್ಟಿದ ಕ್ರಿಯಾಪದಗಳಿಗೆ ಆ ಕೆಲಸ ಆಗಿದೆ.

‘ಕೊಳ್ಳು’ ಅನ್ನುವುದನ್ನೇ ನೋಡಿ. ಹಳೆಯ ಐರಿಷ್‌ನಲ್ಲಿ ‘ಕ್ರೆನಿದ್’, ವೆಲ್ಷ್‌ನಲ್ಲಿ ‘ಪ್ರನಿ’. ಮೂಲದ ‘ಕ್ವ’ ಐರಿಷ್‌ನಲ್ಲಿ ‘ಕ’ ಆಯಿತು, ವೆಲ್ಷ್‌ನಲ್ಲಿ ‘ಪ’ ಆಯಿತು. ಹಾಗಾಗಿ ಮೂಲ ರೂಪ ‘ಕ್ವ್ರಿನತಿ’. ಸಂಸ್ಕೃತದ ‘ಕ್ರೀಣಾತಿ’ ಪಕ್ಕದಲ್ಲಿಟ್ಟು ನೋಡಿ, ಒಂದೇ ಮನೆಯವು ಅಲ್ವಾ? ಸಂಸ್ಕೃತ ಧಾತುಗಳ ಗುಂಪುಗಳಲ್ಲಿ ಒಂಬತ್ತನೆಯದಕ್ಕೆ, ಅಂದರೆ ಒಂಬತ್ತನೇ ಗಣಕ್ಕೆ, ‘ಕ್ರ್ಯಾದಿ’ ಅಂತ ಹೆಸರು ಬಂದದ್ದು ಈ ಧಾತುವಿನಿಂದಲೇ.

ಆದರೆ ವೆಲ್ಷ್ ಒಂದನ್ನೇ ನಂಬಿದರೆ ಮೋಸ ಹೋಗುತ್ತೇವೆ. ಅಲ್ಲಿ ‘ಕೊಂಡನು’ ಅನ್ನುವ ರೂಪದಲ್ಲೂ ‘ನ’ ಇದೆ. ಅದು ಧಾತುವಿನದೇ ಅನಿಸುತ್ತದೆ. ಐರಿಷ್‌ನ ಭೂತಕಾಲ ‘ಕೀಉರ್’. ಅದರಲ್ಲಿ ‘ನ’ ಇಲ್ಲ. ಸಂಸ್ಕೃತದ ‘ಚಿಕ್ರಾಯ’ದಂತೆ ದ್ವಿತ್ವದಿಂದ, ಅಂದರೆ ಧಾತುವಿನ ಆರಂಭ ಎರಡು ಸಲ ಬರುವುದರಿಂದ, ಆದ ರೂಪ ಅದು. ಅಂದರೆ ‘ನ’ ವರ್ತಮಾನದ್ದು ಮಾತ್ರ. ವೆಲ್ಷ್ ಅದನ್ನು ಎಲ್ಲ ಕಡೆ ಹರಡಿಕೊಂಡಿತು. ಪುಸ್ತಕ ವರ್ತಮಾನ, ಭೂತ ಅಂತ ಒಂದೊಂದರ ಅಂಗವನ್ನೂ (ಪ್ರತ್ಯಯ ಸೇರುವ ಮೊದಲಿನ ರೂಪವನ್ನು) ಬೇರೆ ಬೇರೆ ಇಡುವುದರಿಂದ ಇದು ಕಣ್ಣಿಗೆ ಬೀಳುತ್ತದೆ. ನನಗೆ ಅತಿ ಇಷ್ಟವಾದದ್ದು ಇದೇ.

ಕಷ್ಟವೂ ಇದೆ. ಪೂರ್ತಿ ಜರ್ಮನ್. ಸಂಕ್ಷೇಪಗಳು ಜಾಸ್ತಿ. ಪದಗಳು ಊಹಿಸಿ ಕಟ್ಟಿದ ಧಾತುವಿನ ಕೆಳಗೆ ಇರುವುದರಿಂದ ಹಿಂದಿನ ಪದಸೂಚಿಯಿಂದಲೇ ಹುಡುಕಲು ಶುರು ಮಾಡಿ. ಹಳೆಯ ಐರಿಷ್ ಸ್ವಲ್ಪವಾದರೂ ಕಲಿತ ಮೇಲೆ ತೆಗೆದುಕೊಳ್ಳಿ. ಸಂಸ್ಕೃತ ವ್ಯಾಕರಣ ಓದಿದವರಿಗೆ ದಾರಿ ಅರ್ಧ ಸಲೀಸು.

ಕಳೆದ ವಾರ ಫೋನಿನಲ್ಲಿ ಅಪ್ಪನಿಗೆ ಇದನ್ನೆಲ್ಲ ಹೇಳಿದೆ. “ಸರಿ, ಮಾರೋದಕ್ಕೆ ಏನಂತಾರೆ?” ಎಂದರು. ನಮ್ಮ ‘ವಿಕ್ರಯ’ದಂತೆ ಅದೇ ಧಾತುವಿಗೆ ಇನ್ನೊಂದನ್ನು ಸೇರಿಸಿದ್ದಲ್ಲ, ಅದು ಬೇರೆಯೇ ಕ್ರಿಯಾಪದ, ‘ರೆನಿದ್’ ಎಂದೆ. “ಕ್ರೆನಿದ್, ರೆನಿದ್” ಅಂತ ಎರಡು ಸಲ ಹೇಳಿಕೊಂಡು, ಬರೆದುಕೊಳ್ಳುತ್ತೇನೆ ತಾಳು ಎಂದು ಪೆನ್ನು ಹುಡುಕಲು ಎದ್ದರು.