ತೆರಿಗೆ ಸಲಹಾ ಸೇವೆಯ ಒಂದು ವರ್ಷ: ಜಿಎಸ್‌ಟಿಯಲ್ಲಿ ಗಟ್ಟಿ, ಸಂಬಳದ ಲೆಕ್ಕದಲ್ಲಿ ಸಡಿಲ

ರಟ್ಟಿನ ಪೆಟ್ಟಿಗೆ ತಯಾರಿಸುವ ನಮ್ಮ ಸಣ್ಣ ಘಟಕದ ಜಿಎಸ್‌ಟಿ, ನೌಕರರ ಸಂಬಳದ ಟಿಡಿಎಸ್ (ಸಂಬಳ ಕೊಡುವಾಗಲೇ ಹಿಡಿದುಕೊಳ್ಳುವ ತೆರಿಗೆ) ಹಾಗೂ ನನ್ನ ಕುಟುಂಬದ ಆದಾಯ ತೆರಿಗೆ, ಈ ಮೂರನ್ನೂ 2025ರ ಏಪ್ರಿಲ್‌ನಿಂದ ಒಂದು ವರ್ಷದ ಮಟ್ಟಿಗೆ ಒಂದೇ ಸಲಹಾ ಸಂಸ್ಥೆಗೆ ಒಪ್ಪಿಸಿದ್ದೆ. ಸಂಸ್ಥೆಯ ಹೆಸರನ್ನು ಇಲ್ಲಿ ಹೇಳುತ್ತಿಲ್ಲ. ಇಂಥ ಸೇವೆ ಪಡೆಯಲು ಯೋಚಿಸುತ್ತಿರುವವರಿಗೆ ಏನನ್ನು ಕೇಳಿ ಪಡೆಯಬೇಕೆಂಬುದು ತಿಳಿದರೆ ಸಾಕು.

ಮೊದಲು ಮೆಚ್ಚಿಕೆಯ ಮಾತು. ಜಿಎಸ್‌ಟಿ ಮಂಡಳಿ 2025ರ ಸೆಪ್ಟೆಂಬರ್ 3ರಂದು ದರಗಳ ಪರಿಷ್ಕರಣೆಗೆ ಒಪ್ಪಿ, ಸೆಪ್ಟೆಂಬರ್ 22ರಿಂದ ಶೇ 12 ಮತ್ತು ಶೇ 28ರ ಹಂತಗಳನ್ನು ಬಹುಮಟ್ಟಿಗೆ ತೆಗೆದುಹಾಕಿದಾಗ, ಪೆಟ್ಟಿಗೆಗಳ ಮೇಲಿನ ತೆರಿಗೆ ಶೇ 12ರಿಂದ ಶೇ 5ಕ್ಕೆ ಇಳಿಯಿತೆಂದು ನಾವೆಲ್ಲ ಹಿಗ್ಗಿದೆವು. ಎರಡೇ ದಿನದಲ್ಲಿ ಸಂಸ್ಥೆಯಿಂದ ಬಂದ ಒಂದು ಪುಟದ ಟಿಪ್ಪಣಿ ಆ ಹಿಗ್ಗನ್ನು ಇಳಿಸಿತು. ನಮ್ಮ ಕಚ್ಚಾ ವಸ್ತುವಾದ ಕ್ರಾಫ್ಟ್ ಪೇಪರಿನ ತೆರಿಗೆ ಶೇ 12ರಿಂದ ಶೇ 18ಕ್ಕೆ ಏರಿತ್ತು. ಅವರು ಕೊಟ್ಟ ಲೆಕ್ಕ ಸರಳವಾಗಿತ್ತು: ಒಂದು ಲಕ್ಷ ರೂಪಾಯಿಯ ಪೇಪರ್ ಕೊಂಡು ಅದರಿಂದಾದ ಪೆಟ್ಟಿಗೆಗಳನ್ನು 1,30,000 ರೂಪಾಯಿಗೆ ಮಾರಿದರೆ, ಮೊದಲು ಮಾರಾಟದ ತೆರಿಗೆಯಲ್ಲಿ, ಕೊಳ್ಳುವಾಗ ತೆತ್ತ 12,000 ರೂಪಾಯಿಯನ್ನು ಕ್ರೆಡಿಟ್ ಆಗಿ ಕಳೆದು 3,600 ರೂಪಾಯಿ ಕಟ್ಟಬೇಕಿತ್ತು; ಇನ್ನು ಮುಂದೆ ಕೊಳ್ಳುವಾಗ 18,000 ರೂಪಾಯಿ ತೆತ್ತು, ಮಾರುವಾಗ ಗ್ರಾಹಕರಿಂದ ಬರುವುದು 6,500 ರೂಪಾಯಿ ಮಾತ್ರ. ಉಳಿದ 11,500 ರೂಪಾಯಿ ರೀಫಂಡ್ ಬರುವವರೆಗೆ ನಮ್ಮ ಖಾತೆಯ ಕ್ರೆಡಿಟ್‌ನಲ್ಲಿ ಕಟ್ಟುಬಿದ್ದಿರುತ್ತದೆ. ಗ್ರಾಹಕನಿಗೆ ಇಳಿಕೆಯಾಗಿ ಕಂಡದ್ದು ತಯಾರಕನ ದುಡಿಮೆ ಬಂಡವಾಳವನ್ನು ಹಿಂಡುತ್ತದೆ ಎಂಬುದು ಪತ್ರಿಕೆಗಳ ತಲೆಬರಹದಲ್ಲಿ ನನಗೆ ಕಂಡಿರಲಿಲ್ಲ.

ಈ ಟಿಪ್ಪಣಿಯ ಬಲದಿಂದಲೇ ನಾವು ಸೆಪ್ಟೆಂಬರ್‌ನಲ್ಲೇ ಬ್ಯಾಂಕಿಗೆ ಹೋಗಿ ಓವರ್‌ಡ್ರಾಫ್ಟ್ ಮಿತಿ ಹೆಚ್ಚಿಸಿಕೊಂಡೆವು. ರೀಫಂಡ್ ಅರ್ಜಿಯನ್ನೂ ಅವರೇ ಸಲ್ಲಿಸಿದರು. ಯಂತ್ರದ ದುರಸ್ತಿ, ಸಾಗಣೆ ಮುಂತಾದ ಸೇವೆಗಳ ಮೇಲೆ ಕಟ್ಟಿದ ತೆರಿಗೆ ಈ ಬಗೆಯ ರೀಫಂಡಿನ ಸೂತ್ರದಲ್ಲಿ ಸೇರುವುದಿಲ್ಲವೆಂದು ಮೊದಲೇ ತಿಳಿಸಿದ್ದರಿಂದ ನಾವು ಹುಸಿ ನಿರೀಕ್ಷೆ ಇಟ್ಟುಕೊಳ್ಳಲಿಲ್ಲ. ಸೆಪ್ಟೆಂಬರ್ 22ರ ಆಚೀಚೆ ಹೋದ ಸರಕಿಗೆ ಯಾವ ದರ ಎಂಬ ಗೊಂದಲಕ್ಕೂ, ಸರಕು ಹೋದ ದಿನ, ಇನ್‌ವಾಯ್ಸ್ ದಿನ, ಹಣ ಬಂದ ದಿನ, ಈ ಮೂರರಲ್ಲಿ ಎರಡು ಯಾವ ಕಡೆಗಿವೆಯೋ ಆ ಕಡೆಯ ದರ ಎಂದು ನಮ್ಮ ಗುಮಾಸ್ತರಿಗೂ ಅರ್ಥವಾಗುವಂತೆ ಬರೆದುಕೊಟ್ಟರು.

ಸಣ್ಣ ಉದ್ದಿಮೆಗಳಿಗೆ ಕೊಡಬೇಕಾದ ಹಣವನ್ನು ಲಿಖಿತ ಒಪ್ಪಂದವಿದ್ದರೆ ಹೆಚ್ಚೆಂದರೆ 45 ದಿನ, ಇಲ್ಲದಿದ್ದರೆ 15 ದಿನಗಳೊಳಗೆ ಪಾವತಿಸದವರು ಆ ವೆಚ್ಚವನ್ನು ಪಾವತಿಸಿದ ವರ್ಷದಲ್ಲಷ್ಟೇ ತಮ್ಮ ಆದಾಯದಿಂದ ಕಳೆಯಬಹುದೆಂಬ, ಆಗಿನ ಆದಾಯ ತೆರಿಗೆ ಕಾಯ್ದೆಯ 43ಬಿ(ಎಚ್) ನಿಯಮವನ್ನೂ ಅವರು ಚೆನ್ನಾಗಿ ಬಳಸಿದರು. ನಮ್ಮ ಪ್ರತಿ ಇನ್‌ವಾಯ್ಸ್ ಮೇಲೆ, ನಾವು ಸಣ್ಣ ಉದ್ದಿಮೆಯೆಂದು ತೋರಿಸುವ ಉದ್ಯಮ್ ನೋಂದಣಿ ಸಂಖ್ಯೆ ಅಚ್ಚಾದ ಮೇಲೆ, ತಿಂಗಳುಗಟ್ಟಲೆ ಸತಾಯಿಸುತ್ತಿದ್ದ ಇಬ್ಬರು ದೊಡ್ಡ ಗ್ರಾಹಕರು ಮಾರ್ಚ್‌ಗೆ ಮೊದಲೇ ಬಾಕಿ ತೀರಿಸಿದರು.

ದೂರು ಇರುವುದು ಸಂಬಳದ ವಿಭಾಗದ ಬಗ್ಗೆ. ವೃತ್ತಿ ತೆರಿಗೆಯನ್ನು ತಿಂಗಳಿಗೆ 200 ರೂಪಾಯಿ, ಫೆಬ್ರವರಿಯಲ್ಲಿ 300 ರೂಪಾಯಿ ಎಂದು ಸರಿಯಾಗಿಯೇ ಹಿಡಿದರು. ಆದರೆ ಆದಾಯ ತೆರಿಗೆಗೆ ಉಳಿತಾಯ, ಸಾಲದ ಬಡ್ಡಿ ಮುಂತಾದವನ್ನು ಕಳೆಯಬಹುದಾದ ಹಳೆಯ ಪದ್ಧತಿಯೋ, ಅವು ಬಹುಮಟ್ಟಿಗೆ ಇಲ್ಲದೆ ದರ ಕಡಿಮೆಯಿರುವ ಹೊಸದೋ ಎಂದು ಕೇಳುವ ನಮೂನೆಯನ್ನು ಏಪ್ರಿಲ್‌ನಲ್ಲಿ ಇಂಗ್ಲಿಷಿನಲ್ಲಿ ಮೇಲ್ ಮಾಡಿದ್ದೇ ಅವರ ಪಾಲಿನ ಸಮಾಲೋಚನೆಯಾಗಿತ್ತು. ವರ್ಷಕ್ಕೆ 12 ಲಕ್ಷ ಸಂಬಳದ ನಮ್ಮ ಉತ್ಪಾದನಾ ಮೇಲ್ವಿಚಾರಕರು, ಮನೆ ಸಾಲದ ಬಡ್ಡಿಯೂ ವಿಮೆಯ ಕಂತೂ ಇರುವುದರಿಂದ, ರೂಢಿಯಂತೆ ಹಳೆಯ ಪದ್ಧತಿಗೆ ಗುರುತು ಹಾಕಿದರು. ಬಡ್ಡಿಗೆ 2 ಲಕ್ಷ, ಉಳಿತಾಯಕ್ಕೆ 1.5 ಲಕ್ಷ, ಪ್ರಮಾಣಿತ ಕಡಿತ 50,000 ಕಳೆದರೂ ತೆರಿಗೆಗೆ ಒಳಪಡುವ 8 ಲಕ್ಷ ಉಳಿದು, ಸೆಸ್ ಸೇರಿ 75,400 ರೂಪಾಯಿ ಅವರ ಸಂಬಳದಿಂದ ಕಡಿತವಾಗತೊಡಗಿತು. ಹೊಸ ಪದ್ಧತಿಯಲ್ಲಿ, 2025ರ ಬಜೆಟ್ ಬಳಿಕ, 12.75 ಲಕ್ಷದವರೆಗಿನ ಸಂಬಳಕ್ಕೆ ಕಟ್ಟಬೇಕಾದ ತೆರಿಗೆಯೇ ಇಲ್ಲ. ತಿಂಗಳಿಗೆ ಸುಮಾರು 6,280 ರೂಪಾಯಿ ಕಡಿಮೆ ಬರುತ್ತಿದ್ದುದನ್ನು ಡಿಸೆಂಬರ್‌ನಲ್ಲಿ ಗಮನಿಸಿದ್ದು ಅವರ ಪತ್ನಿ. ಮಗಳ ಕಾಲೇಜು ಶುಲ್ಕಕ್ಕೆ ಕೈಸಾಲ ಮಾಡುವ ಹೊತ್ತಿಗೆ ಸಂಬಳದ ಚೀಟಿಯನ್ನು ಓದಿ, ಇದೇನು ಎಂದು ನನ್ನನ್ನೇ ಕೇಳಿದರು. ಉದ್ಯೋಗದಾತನಿಗೆ ತಿಳಿಸಿದ ಆಯ್ಕೆ ಅಂತಿಮವಲ್ಲ, ರಿಟರ್ನ್ ಸಲ್ಲಿಸುವಾಗ ಹೊಸ ಪದ್ಧತಿಗೆ ಬಂದು ಹಣವನ್ನು ಹಿಂಪಡೆಯಬಹುದು ಎಂದು ಸಂಸ್ಥೆ ಉತ್ತರಿಸಿತು. ಕಾನೂನಿನ ಪ್ರಕಾರ ಅದು ಸರಿ. ಆದರೆ ಕಾಲೇಜು ಶುಲ್ಕ ರೀಫಂಡಿಗಾಗಿ ಕಾಯುವುದಿಲ್ಲ. ಹತ್ತು ನಿಮಿಷ ಕೂರಿಸಿಕೊಂಡು ಎರಡೂ ಲೆಕ್ಕಗಳನ್ನು ತೋರಿಸಿದ್ದರೆ ಆ ಕೈಸಾಲವೇ ಬೇಕಿರಲಿಲ್ಲ. ಆ ನಮೂನೆಯನ್ನು ನಾನೂ ಓದದೆ ಮುಂದಕ್ಕೆ ಕಳಿಸಿದ್ದೆ ಎಂಬುದನ್ನೂ ಒಪ್ಪಿಕೊಳ್ಳಬೇಕು.

ನನ್ನ ಕುಟುಂಬದ ಲೆಕ್ಕದಲ್ಲಿ ಕೆಲಸ ಸಮಾಧಾನಕರವಾಗಿತ್ತು. ವ್ಯಾಪಾರದ ಆದಾಯವುಳ್ಳ ನಾನು ಹಳೆಯ ಪದ್ಧತಿಯಿಂದ ಒಮ್ಮೆ ಹೊಸದಕ್ಕೆ ಮರಳಿದರೆ, ಸಂಬಳದಾರರಂತೆ ಪ್ರತಿ ವರ್ಷ ಬದಲಾಯಿಸುವ ಅವಕಾಶವಿರುವುದಿಲ್ಲ ಎಂದು ಸಹಿಗೆ ಮುನ್ನ ಎಚ್ಚರಿಸಿದರು. ಮನೆಯವರ ವೈಯಕ್ತಿಕ ಆರೋಗ್ಯ ವಿಮೆಯ ನವೀಕರಣ, ಸೆಪ್ಟೆಂಬರ್ 22ರಿಂದ ಅಂಥ ವಿಮೆಗೆ ವಿನಾಯಿತಿ ಸಿಕ್ಕ ಮೇಲೆ, ನವೆಂಬರ್‌ನಲ್ಲಿದ್ದುದರಿಂದ ಶೇ 18ರ ಜಿಎಸ್‌ಟಿ ಪೂರ್ತಿ ಉಳಿಯಿತು. ಕಾರ್ಮಿಕರಿಗಾಗಿ ಮಾಡಿಸಿದ ಗುಂಪು ವಿಮೆಗೆ ಮಾತ್ರ ಈ ವಿನಾಯಿತಿ ಅನ್ವಯಿಸದೆಂದು ಅವರು ಹೇಳಿದಾಗ ಬೇಸರವಾಯಿತಾದರೂ, ವಿಮಾ ಕಂಪನಿಯೊಡನೆ ವೃಥಾ ವಾದ ಮಾಡುವುದು ತಪ್ಪಿತು.

1961ರ ಕಾಯ್ದೆಯ ಜಾಗಕ್ಕೆ 2026ರ ಏಪ್ರಿಲ್ 1ರಿಂದ 2025ರ ಆದಾಯ ತೆರಿಗೆ ಕಾಯ್ದೆ ಬಂದಿರುವುದರಿಂದ ಒಪ್ಪಂದವನ್ನು ನವೀಕರಿಸಿದ್ದೇನೆ, ಒಂದು ಷರತ್ತಿನೊಡನೆ: ತೆರಿಗೆ ಕಡಿತಕ್ಕೆ ಒಳಪಡುವ ನಮ್ಮ ನಾಲ್ವರು ನೌಕರರೊಡನೆ, ವರ್ಷದ ಮೊದಲ ಸಂಬಳಕ್ಕೆ ಮುನ್ನ, ಸಂಸ್ಥೆಯವರು ಎದುರು ಕುಳಿತು ಕನ್ನಡದಲ್ಲಿ ಎರಡೂ ಪದ್ಧತಿಗಳ ಲೆಕ್ಕವನ್ನು ತೋರಿಸಬೇಕು. ಅದಕ್ಕೆ ಹೆಚ್ಚುವರಿ ಶುಲ್ಕ ಕೇಳಿದರು. ಚೌಕಾಸಿ ಮಾಡದೆ ಕೊಟ್ಟೆ.