ಡ್ರೋನ್ ಕೆಳಗಿಳಿದ ಮೇಲೆ ಕಂಡ ನಮ್ಮ ಜಿಲ್ಲೆ

ಉತ್ತರ ಕನ್ನಡ ಜಿಲ್ಲೆಯ ಅಂಕೋಲೆಯಲ್ಲಿ ನನ್ನದೊಂದು ಫೋಟೋ ಸ್ಟುಡಿಯೋ ಇದೆ. ಮದುವೆ, ಮುಂಜಿ, ಬಂಡಿಹಬ್ಬ, ಎಲ್ಲದಕ್ಕೂ ಕ್ಯಾಮೆರಾ ಹೆಗಲಿಗೆ ಹಾಕಿಕೊಂಡು ಹೋಗುತ್ತೇನೆ. ಇಪ್ಪತ್ತೆರಡು ವರ್ಷದಿಂದ ಇದೇ ಕೆಲಸ. ಹಾಗಾಗಿ ಯಾವ ಸಿನಿಮಾ ನೋಡಿದರೂ ನನ್ನ ಗಮನ ಮೊದಲು ಹೋಗೋದು ಕ್ಯಾಮೆರಾ ಎಲ್ಲಿ ನಿಂತಿದೆ ಅನ್ನೋದರ ಮೇಲೆ. ಕಥೆ ಆಮೇಲೆ.

ಈ ಸಲ ಮೇ ತಿಂಗಳಿಂದ ಶನಿವಾರ ರಾತ್ರಿ ನಮ್ಮ ಕೇರಿಯವರೆಲ್ಲ ನಮ್ಮ ಅಂಗಳದಲ್ಲಿ ಸೇರಿ ಸಿನಿಮಾ ನೋಡುತ್ತಿದ್ದೇವೆ. ಮಳೆ ಹಿಡಿದ ಮೇಲೆ ಅಂಗಳದಿಂದ ಜಗಲಿಗೆ ಬಂದೆವು. ನಮ್ಮ ಜಿಲ್ಲೆ ಕಾಣುವ ಚಿತ್ರಗಳನ್ನೇ ಮೊದಲು ನೋಡೋಣ ಅಂತ ಮಾಸ್ತರ್ರು ಹೇಳಿದರು. ಅವರು ಶಿರಸಿ ಕಡೆಯವರು, ಇಲ್ಲಿಯ ಶಾಲೆಯಲ್ಲಿ ಕಲಿಸಿ ನಿವೃತ್ತರಾಗಿ ಇಲ್ಲೇ ಉಳಿದಿದ್ದಾರೆ. ಮೂರು ಚಿತ್ರ ನೋಡಿ ಆಯ್ತು. ನೋಡಿದ ಮೇಲೆ ಚಾ ಕುಡಿಯುತ್ತಾ ಆಡಿದ ಮಾತುಗಳು ತಲೆಯಲ್ಲೇ ಕೂತಿವೆ. ಅದಕ್ಕೆ ಬರೆಯುತ್ತಿದ್ದೇನೆ.

ಪ್ರೊಜೆಕ್ಟರ್ ಬಗ್ಗೆ ಮೊದಲೇ ಹೇಳಿಬಿಡುತ್ತೇನೆ, ತಗೊಳ್ಳುವವರಿಗೆ ಉಪಯೋಗ ಆಗಲಿ. ನಾನು ತಗೊಂಡದ್ದು ಎಂಟು ಸಾವಿರ ಚಿಲ್ಲರೆಯದು. ಪೆಟ್ಟಿಗೆಯ ಮೇಲೆ ದೊಡ್ಡದಾಗಿ 4ಕೆ ಅಂತ ಬರೆದಿತ್ತು. 4ಕೆ ವಿಡಿಯೋ ಹಾಕಿದರೆ ಓಡುತ್ತದೆ, ನಿಜ. ಆದರೆ ಗೋಡೆ ಮೇಲೆ ಬೀಳುವ ಚಿತ್ರ 720ರದ್ದು, ಅಂದರೆ ಅದಕ್ಕಿಂತ ಬಹಳ ಕಡಿಮೆ ಸ್ಪಷ್ಟತೆಯದು. ನೇಟಿವ್ ರೆಸಲ್ಯೂಷನ್, ಅಂದರೆ ಪ್ರೊಜೆಕ್ಟರ್ ತಾನೇ ತೋರಿಸುವ ಸ್ಪಷ್ಟತೆ, ಎಷ್ಟು ಅಂತ ಕೇಳಿಯೇ ದುಡ್ಡು ಕೊಡಿ. ಬೆಳಕಿನ ಲೆಕ್ಕವನ್ನೂ ಆನ್ಸಿ ಲುಮೆನ್ಸ್ ಅನ್ನುವ ಪ್ರಮಾಣಿತ ಅಳತೆಯಲ್ಲೇ ಕೇಳಿ, ಬರೀ ಲುಮೆನ್ಸ್ ಅಂದರೆ ನಂಬಬೇಡಿ. ಬ್ಲೂಟೂತ್ ಸ್ಪೀಕರಿಗೆ ಹಾಕಿದರೆ ತುಟಿ ಒಂದು ಕಡೆ, ಮಾತು ಒಂದು ಕಡೆ. ಹತ್ತಿಪ್ಪತ್ತು ರೂಪಾಯಿ ಜಾಸ್ತಿ ಹೋದರೂ ಒಳ್ಳೆ ವೈರ್ ತಂದು ಹಾಕಿ. ಪರದೆಗೆ ಬೆಡ್‌ಶೀಟ್ ಬೇಡ, ಬೆಳಕು ಹಿಂದಕ್ಕೆ ತೂರಿ ಹೋಗುತ್ತದೆ. ಹಳೆ ಫ್ಲೆಕ್ಸ್ ಬ್ಯಾನರನ್ನು ಉಲ್ಟಾ ಮಾಡಿ ಕಟ್ಟಿ. ಅದರ ಬಿಳಿ ಬೆನ್ನಿನಷ್ಟು ಚೊಕ್ಕ ಪರದೆ ಆ ದುಡ್ಡಿಗೆ ಸಿಗೋದಿಲ್ಲ.

ಮೊದಲು ಹಾಕಿದ್ದು 'ನಮ್ಮೂರ ಮಂದಾರ ಹೂವೆ'. 1996ರ ಚಿತ್ರ, ಸುನಿಲ್ ಕುಮಾರ್ ದೇಸಾಯಿ ನಿರ್ದೇಶನ, ಶಿವರಾಜ್‌ಕುಮಾರ್, ರಮೇಶ್, ಪ್ರೇಮಾ. ಹಾಡುಗಳ ಬಗ್ಗೆ ನಾನೇನು ಹೇಳೋದು, ಇಳಯರಾಜ ಸಂಗೀತ. ನಮ್ಮ ಹೆಂಗಸರೆಲ್ಲ ಚಿತ್ರದ ಜೊತೆಗೇ ಹಾಡಿದರು. ನನಗೆ ಬೇಕಾಗಿದ್ದು ಯಾಣ. ಕುಮಟಾ ತಾಲೂಕಿನ ಆ ಕಾಡೊಳಗಿನ ಎರಡು ಕಪ್ಪು ಶಿಖರ, ಭೈರವೇಶ್ವರ ಮತ್ತು ಮೋಹಿನಿ. ದೊಡ್ಡದು 120 ಮೀಟರ್, ಚಿಕ್ಕದು 90. ಈ ಚಿತ್ರ ಬರುವ ಮೊದಲು ಅಲ್ಲಿಗೆ ಹೋಗುವವರು ಕಡಿಮೆ. 'ಸೊಕ್ಕಿದ್ದವ ಯಾಣಕ್ಕೆ, ರೊಕ್ಕಿದ್ದವ ಗೋಕರ್ಣಕ್ಕೆ' ಅಂತ ನಮ್ಮ ಕಡೆ ಗಾದೆಯೇ ಇದೆಯಲ್ಲ. ಮೈಯಲ್ಲಿ ಕಸುವಿದ್ದವನು ಮಾತ್ರ ನಡೆದು ಹೋಗಬಹುದಿತ್ತು. ಮಾಸ್ತರ್ರು ಹುಡುಗನಾಗಿದ್ದಾಗ ಹಾಗೇ ನಡೆದು ಹೋದವರು. ಚಿತ್ರದಲ್ಲಿ ಬಂಡೆ ಬಂದ ಕೂಡಲೇ ಕುರ್ಚಿಯಿಂದ ಮುಂದಕ್ಕೆ ಬಾಗಿ, "ಚೊಲೋ ಇದ್ದು ಮಾರಾಯ, ಹಿಂಗೇ ಕತ್ತೆತ್ತಿ ನೋಡಿದ್ದೆ" ಅಂದರು.

ಕತ್ತೆತ್ತಿ ನೋಡೋದು. ಅದೇ ನನಗೆ ಬಹಳ ಹಿಡಿಸಿದ್ದು. ಆಗ ಡ್ರೋನ್ ಇರಲಿಲ್ಲ. ಕ್ಯಾಮೆರಾ ಇಟ್ಟವರೂ ಕಾಡಿನಲ್ಲಿ ಕಾಲಿಟ್ಟೇ ನಿಲ್ಲಬೇಕಿತ್ತು. ಹಾಗಾಗಿ ಬಂಡೆ ನಮ್ಮ ಕಣ್ಣಿಗೆ ಹೇಗೆ ಕಾಣುತ್ತದೋ ಹಾಗೇ ಕಾಣುತ್ತದೆ, ಹೆದರಿಕೆ ಬರುವಷ್ಟು ದೊಡ್ಡದಾಗಿ. ಈಗ ಯಾಣದ ವಿಡಿಯೋ ಹುಡುಕಿದರೆ ನೂರು ಸಿಗುತ್ತವೆ. ಎಲ್ಲದರಲ್ಲೂ ಡ್ರೋನ್ ಮೇಲಕ್ಕೆ ಹಾರುತ್ತದೆ, ಬಂಡೆ ಹಸಿರಿನ ನಡುವೆ ಕೈಬೆರಳಿನಷ್ಟು ಆಗುತ್ತದೆ. ನಾನೂ ಮದುವೆಗಳಲ್ಲಿ ಡ್ರೋನ್ ಹಾರಿಸುವವನೇ, ಅದಕ್ಕೇ ಗೊತ್ತು. ಮೇಲಿಂದ ನೋಡಿದರೆ ಎಲ್ಲಾ ಊರೂ ಚೆಂದ. ಯಾವ ಊರು ಅಂತ ಮಾತ್ರ ಗೊತ್ತಾಗೋದಿಲ್ಲ.

ಚಿತ್ರದ ಬಗ್ಗೆ ಒಂದು ತಕರಾರು ಇದೆ. ಇದರಲ್ಲೂ, ಇಲ್ಲಿ ಬಂದು ಶೂಟಿಂಗ್ ಮಾಡಿದ ಎಷ್ಟೋ ಚಿತ್ರಗಳಲ್ಲೂ, ನಮ್ಮ ಕಾಡು ಇರೋದು ಬೇರೆಯವರ ಪ್ರೀತಿಯ ಹಿಂದಿನ ಪರದೆಯಾಗಿ. ಕಾಡಿಗೆ ತನ್ನದೇ ಒಂದು ಮಾತು ಇಲ್ಲ. ಅದು ಬೇಕು ಅಂದರೆ ಸಾಕ್ಷ್ಯಚಿತ್ರಕ್ಕೇ ಬರಬೇಕು.

ಅದಕ್ಕೆ ಮುಂದಿನ ಶನಿವಾರ 'ವೈಲ್ಡ್ ಕರ್ನಾಟಕ'. ಅಮೋಘವರ್ಷ ಮತ್ತು ಕಲ್ಯಾಣ್ ವರ್ಮಾ ಮಾಡಿದ್ದು. ನಾಲ್ಕು ವರ್ಷದ ಕೆಲಸ, ಓಡೋದು ಒಂದು ಗಂಟೆಗಿಂತ ಕಡಿಮೆ. 2020ರ ಜನವರಿಯಲ್ಲಿ ಥಿಯೇಟರಿಗೆ ಬಂದಿತ್ತು. ನಾನು ಮೊದಲು ನೋಡಿದ್ದು ಅದೇ ವರ್ಷ ಜೂನ್ 5ಕ್ಕೆ, ಡಿಸ್ಕವರಿ ಚಾನೆಲ್‌ನಲ್ಲಿ. ಲಾಕ್‌ಡೌನಿನಲ್ಲಿ ಒಂದು ಮದುವೆಯೂ ಇರಲಿಲ್ಲ, ಕ್ಯಾಮೆರಾ ಕಪಾಟಿನಲ್ಲಿ ಧೂಳು ಹಿಡಿದಿತ್ತು. ಅವತ್ತು ಆಯಿಯ ಜೊತೆ ಕೂತು ನೋಡಿದ್ದು ಮರೆಯೋದಿಲ್ಲ.

ಇಂಗ್ಲಿಷಿನಲ್ಲಿ ಡೇವಿಡ್ ಅಟೆನ್‌ಬರೋ ಅವರ ದನಿ. ಅದಕ್ಕೆ ರಾಷ್ಟ್ರಪ್ರಶಸ್ತಿಯೂ ಬಂತು. ಕನ್ನಡದಲ್ಲಿ ರಿಷಬ್ ಶೆಟ್ಟಿ. ಮನೆಗೆ ಬಂದ ಕಾಲೇಜು ಹುಡುಗರು ಇಂಗ್ಲಿಷೇ ಹಾಕಿ ಅಂತ ಹಟ ಮಾಡಿದರು. ನಾನು ಒಪ್ಪಲಿಲ್ಲ. ಅಟೆನ್‌ಬರೋ ದೊಡ್ಡವರು, ಸಂಶಯ ಇಲ್ಲ. ಆದರೆ ಮುಂದಿನ ಸಾಲಿನಲ್ಲಿ ಕೂತಿದ್ದ ನಮ್ಮ ಆಯಿಗೆ, ತರಕಾರಿ ಮಾರುವ, ಹಾಲಕ್ಕಿ ಒಕ್ಕಲು ಸಮುದಾಯದ ಅಜ್ಜಿಗೆ ಅವರ ಮಾತು ಬರೀ ಸದ್ದು. ಕನ್ನಡದ ದನಿ ಬಂದದ್ದೇ ಅಜ್ಜಿ ಪರದೆಯ ಜೊತೆ ಮಾತಾಡಲಿಕ್ಕೆ ಶುರು ಮಾಡಿದಳು. ಮಂಗಟ್ಟೆ ಹಕ್ಕಿ (ಹಾರ್ನ್‌ಬಿಲ್) ಬಂದಾಗ, "ಅದು ಹಾರಿದ್ರೆ ಉಸಲು ಬಿಟ್ಟ ಹಾಂಗೆ ಕೇಳ್ತದೆ" ಅಂದಳು. ನಾನು ದಾಂಡೇಲಿಯಲ್ಲಿ ಅದನ್ನು ಕೇಳಿದ್ದೇನೆ. ನಿಜ. ದೊಡ್ಡ ಮಂಗಟ್ಟೆ ತಲೆ ಮೇಲೆ ಹಾರಿ ಹೋದರೆ ರೆಕ್ಕೆಯ ಸದ್ದು ಕಾಡೆಲ್ಲ ಕೇಳುತ್ತದೆ, ಯಾರೋ ಏದುಸಿರು ಬಿಟ್ಟ ಹಾಗೆ.

ಆ ಸದ್ದನ್ನು ನಾನು ಚಿತ್ರದಲ್ಲಿ ಇನ್ನೂ ಜಾಸ್ತಿ ಕೇಳಬೇಕಿತ್ತು. ರಿಕಿ ಕೇಜ್ ಅವರ ಸಂಗೀತ ಚೆನ್ನಾಗಿದೆ, ಆದರೆ ನನ್ನ ಕಿವಿಗೆ ತುಸು ಹೆಚ್ಚಾಯಿತು. ಕಾಡಿನಲ್ಲಿ ಸಂಗೀತ ಇಲ್ಲದ ಹೊತ್ತೂ ಇರುತ್ತದಲ್ಲ, ಅದನ್ನು ಹಾಗೇ ಬಿಟ್ಟಿದ್ದರೆ ಅಂತ ಅನ್ನಿಸಿತು. ಚಿತ್ರಗಳ ಬಗ್ಗೆ ಮಾತ್ರ ಒಂದು ಮಾತೂ ಇಲ್ಲ. ಒಂದು ಹಕ್ಕಿ ರೆಂಬೆಗೆ ಬಂದು ಕೂರುವ ಎರಡು ಸೆಕೆಂಡಿಗೆ ಒಬ್ಬ ಮನುಷ್ಯ ಎಷ್ಟು ದಿನ ಮರೆಯಲ್ಲಿ ಕೂತಿರಬೇಕು ಅನ್ನೋದು ಕ್ಯಾಮೆರಾ ಹಿಡಿದವನಿಗೆ ಗೊತ್ತು. ನನ್ನ ಕಡೆಯಿಂದ ಐದಕ್ಕೆ ನಾಲ್ಕು.

ಮೂರನೆಯ ಚಿತ್ರಕ್ಕೆ ಹೋಗುವ ಮೊದಲು ಒಂದು ವಿಷಯ. 2024ರ ಜುಲೈ 16ಕ್ಕೆ ನಮ್ಮ ಶಿರೂರಿನ ಗುಡ್ಡ ಹೆದ್ದಾರಿ ಮೇಲೆ ಕುಸಿದು ಗಂಗಾವಳಿ ನದಿಗೆ ಬಿತ್ತು. ಕಾಣೆಯಾದವರಿಗಾಗಿ ಎರಡು ತಿಂಗಳಿಗೂ ಹೆಚ್ಚು ಹುಡುಕಾಟ ನಡೆಯಿತು. ಆ ದಿನಗಳಲ್ಲಿ ಯಾವ ಚಾನೆಲ್ ಹಾಕಿದರೂ ಅಂಕೋಲೆ. ಎಲ್ಲಾ ಮೇಲಿಂದ ತೆಗೆದ ಚಿತ್ರ. ಆ ಕುಸಿತದಲ್ಲಿ ಹೋದ ಹೆದ್ದಾರಿ ಪಕ್ಕದ ಚಾ ಅಂಗಡಿಯಲ್ಲಿ ನಾನು ಎಷ್ಟೋ ಸಲ ಬೈಕ್ ನಿಲ್ಲಿಸಿ ಚಾ ಕುಡಿದಿದ್ದೇನೆ. ಟಿವಿಯಲ್ಲಿ ಅದಿದ್ದ ಜಾಗ ಬರೀ ಕೆಂಪು ಮಣ್ಣು. ಅಲ್ಲೊಂದು ಒಲೆ ಇತ್ತು, ಅಲ್ಲಿ ಜನ ಇದ್ದರು ಅಂತ ಆ ಎತ್ತರದಿಂದ ಯಾರಿಗೂ ಕಾಣಲಿಕ್ಕೆ ಸಾಧ್ಯವೇ ಇರಲಿಲ್ಲ. ನಮ್ಮ ಜಿಲ್ಲೆ ಹೊರಗಿನವರಿಗೆ ಕಾಣೋದು ಎರಡೇ ಥರ, ಒಂದು ಚೆಂದ, ಇನ್ನೊಂದು ಅನಾಹುತ. ಎರಡನ್ನೂ ಮೇಲಿಂದಲೇ ತೋರಿಸುತ್ತಾರೆ. ಇದು ನನಗೆ ಅವತ್ತಿಂದ ಕೊರೆಯುತ್ತಾ ಇದೆ.

ಅಮೋಘವರ್ಷ ಅವರೇ ಪುನೀತ್ ರಾಜ್‌ಕುಮಾರ್ ಜೊತೆ ಮಾಡಿದ 'ಗಂಧದ ಗುಡಿ' ಹಾಕಿದ್ದು ಜೂನ್ ಎರಡನೇ ವಾರ. ಜೂನ್, ಜುಲೈ ಎರಡು ತಿಂಗಳು ಯಾಂತ್ರಿಕ ಬೋಟ್‌ಗಳಿಗೆ ರಜೆ, ಹಾಗಾಗಿ ಕೇಣಿಯ ತಾಂಡೇಲ ಅಣ್ಣನೂ ಬಂದಿದ್ದ. ಬೋಟಿನ ಮುಂದಾಳು ಅವನು, ಸಮುದ್ರದ ಮೇಲೆ ಅವನ ಮಾತೇ ಮಾತು. ಹೊರಗೆ ಹನಿ ಕಡಿಯದ ಮಳೆ, ತಗಡಿನ ಮೇಲೆ ಬೀಳುವ ಸದ್ದಿಗೆ ಸ್ಪೀಕರ್ ಪೂರ್ತಿ ಏರಿಸಬೇಕಾಯಿತು.

ಈ ಚಿತ್ರವನ್ನು ನಾನು 2022ರ ಅಕ್ಟೋಬರ್ 28ಕ್ಕೇ, ಬಿಡುಗಡೆಯ ದಿನವೇ, ಅರಬೈಲು ಘಟ್ಟ ಹತ್ತಿ ಹುಬ್ಬಳ್ಳಿಗೆ ಹೋಗಿ ನೋಡಿದ್ದೆ. ಮರುದಿನಕ್ಕೆ ಅಪ್ಪು, ಅಂದರೆ ಪುನೀತ್, ತೀರಿಹೋಗಿ ಒಂದು ವರ್ಷ. ಥಿಯೇಟರಿನಲ್ಲಿ ಅವತ್ತು ಚಿತ್ರ ನೋಡಿದವರು ಕಡಿಮೆ, ಅತ್ತವರು ಜಾಸ್ತಿ. ನಾನೂ ಅತ್ತೆ. ಹಾಗಾಗಿ ಈ ಸಲ ಸಮಾಧಾನದಲ್ಲಿ, ಚಿತ್ರವನ್ನು ಚಿತ್ರ ಅಂತ ನೋಡಬೇಕು ಅಂತ ಇತ್ತು.

ಸಮಾಧಾನದಲ್ಲಿ ನೋಡಿದಾಗ ಇನ್ನೂ ಇಷ್ಟ ಆಯಿತು. ಕಾರಣ ಒಂದೇ, ಕ್ಯಾಮೆರಾ ಆ ಮನುಷ್ಯನ ಪಕ್ಕದಲ್ಲಿ ಇದೆ. ಮೇಕಪ್ ಇಲ್ಲ, ಪಾತ್ರ ಇಲ್ಲ, ಪುನೀತ್ ರಾಜ್‌ಕುಮಾರ್ ಪುನೀತ್ ಆಗಿಯೇ ಇದ್ದಾರೆ. ಅಮೋಘವರ್ಷ ಅಪ್ಪುವನ್ನು ಕಾಡಿನಿಂದ ಕಾಡಿಗೆ ಕರೆದುಕೊಂಡು ಹೋಗುತ್ತಾರೆ. ಅಪ್ಪು ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅಂತಲೇ ಕೇಳುತ್ತಾರೆ. ಹಾವು ಅಂದರೆ ಭಯ ಅನ್ನೋದನ್ನು ಮುಚ್ಚಿಡೋದಿಲ್ಲ. ಅಷ್ಟು ದೊಡ್ಡ ನಟ ನಮ್ಮ ಹಾಗೇ ಹೆದರುತ್ತಾನೆ ಅಂತ ಕಂಡಾಗ ಮುಂದೆ ಕೂತ ಮಕ್ಕಳಿಗೆ ಎಂಥಾ ಖುಷಿ! 1973ರಲ್ಲಿ ಅಪ್ಪ ರಾಜ್‌ಕುಮಾರ್ ಇದೇ ಹೆಸರಿನ ಚಿತ್ರದಲ್ಲಿ ಅರಣ್ಯಾಧಿಕಾರಿಯಾಗಿ ಕಾಡು ಕಾಯ್ದಿದ್ದರು. ಮಗ ಕಾಡು ಕಲಿಯಲಿಕ್ಕೆ ಬಂದಿದ್ದಾರೆ. ನನಗೆ ಮಗನ ದಾರಿ ಹೆಚ್ಚು ಹತ್ತಿರ ಅನ್ನಿಸಿತು.

ನಮಗೆಲ್ಲ ಕಾದಿದ್ದು ನೇತ್ರಾಣಿ. ಮುರ್ಡೇಶ್ವರದಿಂದ ಹತ್ತೊಂಬತ್ತು ಕಿಲೋಮೀಟರ್ ದೂರ, ಸಮುದ್ರದ ನಡುವಿನ ಗುಡ್ಡ. ಅಪ್ಪು ಅಲ್ಲಿ ನೀರಿಗೆ ಇಳಿಯುತ್ತಾರೆ. ಸಿಲಿಂಡರ್ ಹೊತ್ತು, ಕನ್ನಡಕ ಹಾಕಿ, ಕೆಳಗೆ ಕೆಳಗೆ. ಅಲ್ಲಿವರೆಗೆ ಗಲಗಲ ಅನ್ನುತ್ತಿದ್ದ ಜಗಲಿ ತೆಪ್ಪಗಾಯಿತು. ಇಲ್ಲಿ ಕೂತವರೆಲ್ಲ ಸಮುದ್ರದ ಪಕ್ಕ ಹುಟ್ಟಿದವರು, ಸಮುದ್ರದ ಒಳಗನ್ನು ನೋಡಿದವರು ಒಬ್ಬರೂ ಇಲ್ಲ. ತಾಂಡೇಲ ಅಣ್ಣನೂ ಇಲ್ಲ. ಅವನಿಗೆ ಮೀನು ಅಂದರೆ ಬಲೆ ಎಳೆದ ಮೇಲೆ ಕಾಣುವ ಮೀನು. ಕೆಳಗೆ ಅವು ತಮ್ಮ ಪಾಡಿಗೆ ತಿರುಗೋದನ್ನು ಅವನು ಬಾಯಿ ತೆರೆದು ನೋಡಿದ.

ಚಿತ್ರ ಮುಗಿದ ಮೇಲೆ ಅವನು ಹೇಳಿದ್ದು ಚಿತ್ರದಷ್ಟೇ ಚೆನ್ನಾಗಿತ್ತು. "ತಮಾ, ಭಟ್ಕಳದ ಬೋಟಿಗೆ ಇದ್ದಾಗ ಆ ಗುಡ್ಡೆ ಸುತ್ತ ಎಷ್ಟ್ ವರ್ಷ ತಿರುಗಿದ್ದೆ. ಅಲ್ಲಿ ಜಟ್ಟಿಗ ದೇವ್ರು ಇದ್ದಾನೆ. ಹರಕೆ ಹೇಳ್ಕೊಂಡವರು ಆಡು ತಕಂಡು ಹೋಗಿ ಬಿಡ್ತಾರೆ. ಕಡಿಯೂದಿಲ್ಲ, ಬಿಟ್ಟು ಬರೂದು." ಆ ಆಡುಗಳು ಅಲ್ಲೇ ಮರಿ ಹಾಕಿ ಕಾಡಾಡು ಆಗಿವೆಯಂತೆ. ರಾತ್ರಿ ಬೋಟಿನಲ್ಲಿ ಮಲಗಿದರೆ ಗುಡ್ಡದ ಮೇಲಿಂದ ಆಡು ಕೂಗೋದು ಕೇಳುತ್ತಿತ್ತಂತೆ, ಸುತ್ತ ಎಲ್ಲೂ ಊರಿಲ್ಲ, ಬರೀ ನೀರು. ನಾನು ಇದೇ ಜಿಲ್ಲೆಯವನು. ಆ ದನಿ ನನಗೆ ಇವತ್ತಿನವರೆಗೆ ಗೊತ್ತಿರಲಿಲ್ಲ.

ಹಾಗಾಗಿ ನಾನು ಅರ್ಧ ಅಂಕ ಕಡಿಮೆ ಮಾಡೋದು ಇಲ್ಲೇ. ಐದಕ್ಕೆ ನಾಲ್ಕೂವರೆ. ಇಂಥಾ ಊರಿನವರ ಮಾತು ನನಗೆ ಸಾಲಲಿಲ್ಲ. ಅಪ್ಪು ಪಕ್ಕ ಹತ್ತು ನಿಮಿಷ ಒಬ್ಬ ತಾಂಡೇಲ ಕೂತಿದ್ದರೆ! ಅವರು ಕೇಳುತ್ತಿದ್ದ ರೀತಿಗೆ ಇವನು ಮನಸ್ಸು ಬಿಚ್ಚಿ ಹೇಳುತ್ತಿದ್ದ.

ಹೀಗೆ ಇನ್ನೊಬ್ಬರ ಚಿತ್ರದಲ್ಲಿ ಏನಿಲ್ಲ ಅಂತ ಹೇಳುವಾಗ ನನಗೆ ನನ್ನ ಕೆಲಸವೇ ಕಣ್ಣೆದುರಿಗೆ ಬಂತು. ಬಡಗೇರಿಯ ಸುಕ್ರಜ್ಜಿ, ಅಂದರೆ ಸುಕ್ರಿ ಬೊಮ್ಮಗೌಡ, ನಮ್ಮ ತಾಲೂಕಿನವರು. ಹಾಲಕ್ಕಿ ಹಾಡುಗಳಿಗೆ 2017ರಲ್ಲಿ ಪದ್ಮಶ್ರೀ ಬಂದಿತ್ತು. 2025ರ ಫೆಬ್ರವರಿಯಲ್ಲಿ ತೀರಿಕೊಂಡರು. ಅದಕ್ಕೆ ಎರಡು ತಿಂಗಳ ಹಿಂದೆ, ಬದುಕಿಡೀ ಗಿಡ ಬೆಳೆಸಿದ ತುಳಸಿ ಗೌಡರು ಹೋದರು. ಸುಕ್ರಜ್ಜಿಯ ತಲೆಯಲ್ಲಿದ್ದ ಸಾವಿರಾರು ಹಾಡಿನಲ್ಲಿ ನಾವು ಎಷ್ಟನ್ನು ಪೂರ್ತಿ, ಕತ್ತರಿ ಹಾಕದೆ, ತೆಗೆದು ಇಟ್ಟುಕೊಂಡಿದ್ದೇವೆ? ಇಪ್ಪತ್ತೆರಡು ವರ್ಷ ಇದೇ ಊರಲ್ಲಿ ಕ್ಯಾಮೆರಾ ಹಿಡಿದ ನಾನು ಎಷ್ಟು ತೆಗೆದಿದ್ದೇನೆ?

ನೆನಪಾಯಿತು, ಒಂದು ಹಾಲಕ್ಕಿ ಮದುವೆಯ ವಿಡಿಯೋ ಹಾರ್ಡ್ ಡಿಸ್ಕಿನಲ್ಲಿತ್ತು. ಆರು ವರ್ಷ ಹಳೆಯದು. ಗಂಡನ್ನು ಕೂರಿಸಿ ಹೆಂಗಸರು ಗೋಡೆಗೆ ಒರಗಿ ಕೂತು ಹಾಡಿದ್ದು. ಅವತ್ತು ಮಳೆಯಿತ್ತು, ಡ್ರೋನ್ ಎತ್ತಲಿಕ್ಕೆ ಆಗಲಿಲ್ಲ. ಚಾಪೆ ಮೇಲೆ ಅವರ ಎದುರಿಗೇ ಕೂತು ತೆಗೆದಿದ್ದೆ. ಚಿತ್ರ ಮುಗಿದು ಜನ ಏಳುವ ಹೊತ್ತಿಗೆ ಅದನ್ನೇ ಹಾಕಿದೆ. ಕೊರಳು ತುಂಬ ಕರಿಮಣಿ, ಕೈಯಲ್ಲಿ ಕವಳದ (ಎಲೆ ಅಡಿಕೆಯ) ತಟ್ಟೆ, ಒಬ್ಬಳು ಹಾಡು ಎತ್ತಿಕೊಟ್ಟರೆ ಉಳಿದವರು ಹಿಡಿಯೋದು. ಎರಡು ನಿಮಿಷ ಆಗುವಷ್ಟರಲ್ಲಿ ಹಾಡು ನಿಂತು, ನಾನೇ ಎಡಿಟಿಂಗಿನಲ್ಲಿ ಸೇರಿಸಿದ್ದ ಸಿನಿಮಾ ಹಾಡು ಶುರುವಾಯಿತು.

ಹಾಲಕ್ಕಿ ಅಜ್ಜಿ ತಿರುಗಿ ನನ್ನ ಮುಖ ನೋಡಿದಳು. "ಮುಂದಿಂದೆಲ್ಲಿ ಮಗಾ? ಹುಡ್ಗಿನ್ನ ಇನ್ನೂ ಕರ್ಕಂಡೇ ಬರ್ಲಿಲ್ಲ."

ಅದು ಮದುಮಗಳನ್ನು ಮನೆ ತುಂಬಿಸಿಕೊಳ್ಳುವವರೆಗಿನ ಹಾಡಂತೆ. ನಾನು ಅದನ್ನು ಅರ್ಧದಲ್ಲೇ ಕಡಿದು ಹಾಕಿದ್ದೆ. ಪುಣ್ಯಕ್ಕೆ ಮೂಲ ಫೈಲು ಅಳಿಸಿರಲಿಲ್ಲ. ವಾರವೆಲ್ಲ ಹುಡುಕಿ ತೆಗೆದೆ, ಇಪ್ಪತ್ಮೂರು ನಿಮಿಷ, ಒಂದೂ ಕತ್ತರಿ ಇಲ್ಲದ್ದು. ಮರು ಶನಿವಾರ ಬೇರೆ ಸಿನಿಮಾ ಹಾಕಲಿಲ್ಲ, ಅದನ್ನೇ ಹಾಕಿದೆ. ಮಾಸ್ತರ್ರು ನೋಟ್‌ಬುಕ್ ತಂದು ಸಾಲು ಬರೆದುಕೊಂಡರು. ಅಜ್ಜಿ ಮೊದಲಿಂದ ಕೊನೆವರೆಗೆ ಪರದೆಯ ಜೊತೆಗೇ ಹಾಡಿದಳು. ನಡುವೆ ಮಳೆ ಜೋರಾದಾಗ ಒಂದೇ ಸಲ ಹಾಡು ಬಿಟ್ಟು, "ದೊಡ್ಡ ಮಾಡಾ" ಅಂತ ಸ್ಪೀಕರ್ ಕಡೆ ಕೈ ತೋರಿಸಿದಳು.