ಸ್ವರ್ಲ್: ಎರಡನೇ ಪಾಠ ಹಾರಿಸಿದರೆ ಒಳ್ಳೇ ಮೇಷ್ಟ್ರು

ಬಿ.ಎ. ಅರ್ಥಶಾಸ್ತ್ರದ ಮಕ್ಕಳಿಗೆ ಆರ್ (ಅಂಕಿಅಂಶದ ಲೆಕ್ಕಕ್ಕೆ ಬಳಸೋ ಪ್ರೋಗ್ರಾಮಿಂಗ್ ಭಾಷೆ) ಕಲಿಸುವ ಕೆಲಸ ನನ್ನ ಪಾಲಿಗೆ ಬಂದಾಗಿನಿಂದ ಸ್ವರ್ಲ್ ಬಳಸ್ತಿದ್ದೇನೆ. ಪುಕ್ಕಟೆ ಪ್ಯಾಕೇಜು, ಆರ್ ಒಳಗೇ ಕೂತು ಪಾಠ ಹೇಳುತ್ತೆ. ಮೊದಲು ಹೆಸರು ಕೇಳುತ್ತೆ, ಸ್ವಲ್ಪ ಹೊತ್ತಿಗೆ 5 + 7 ಟೈಪ್ ಮಾಡಿ ಎಂಟರ್ ಒತ್ತಿ ಅನ್ನುತ್ತೆ. 12 ಬಂತು. ಕೋಡಿಂಗ್ ಅಂದ್ರೆ ಕೈಕಾಲು ನಡುಗುವವರನ್ನು ಕೂರಿಸೋಕೆ ಇದಕ್ಕಿಂತ ಸಲೀಸಾದ ಶುರು ನಾನು ನೋಡಿಲ್ಲ. ತಪ್ಪಾದರೆ ಸುಳಿವು ಕೊಟ್ಟು ಮತ್ತೆ ಕೇಳುತ್ತೆ, ಬೈಯಲ್ಲ.

ಆದರೆ ಅದರ ಆರ್ ಪ್ರೋಗ್ರಾಮಿಂಗ್ ಅನ್ನೋ ಕೋರ್ಸಿನ ಎರಡನೇ ಪಾಠಕ್ಕೇ ಫೋಲ್ಡರ್ ಮಾಡು, ಫೈಲಿನ ಹೆಸರು ಬದಲಿಸು ಅಂತ ಕೂರುತ್ತೆ. ಸರಾಸರಿ ಲೆಕ್ಕ ಹಾಕೋಕೆ ಬಂದವರಿಗೆ ಅದ್ಯಾಕೆ? ಮೊಬೈಲಲ್ಲೇ ಎಲ್ಲಾ ಮಾಡಿಕೊಂಡು ಬಂದ ಹುಡುಗರಿಗೆ ಫೋಲ್ಡರ್ ಅನ್ನೋದೇ ಹೊಸದು. ಅದನ್ನು ಹಾರಿಸಿ ನೇರ ವೆಕ್ಟರ್ಸ್ (ಅಂಕಿಗಳ ಸಾಲು), ಆಮೇಲೆ ಮಿಸ್ಸಿಂಗ್ ವ್ಯಾಲ್ಯೂಸ್ (ಬಿಟ್ಟುಹೋದ ಮಾಹಿತಿ) ಪಾಠ ಮಾಡಿಸ್ತೇನೆ.

ನನ್ನ ಪ್ರಕಾರ ಇಡೀ ಕೋರ್ಸಿನ ಜೀವ ಈ ಮಿಸ್ಸಿಂಗ್ ವ್ಯಾಲ್ಯೂಸ್ ಪಾಠ. ಅದು ಮುಗಿದ ಕೂಡಲೇ ಬೋರ್ಡಿನ ಮೇಲೆ ಟೆಸ್ಟ್ ಅಂಕ ಬರೀತೇನೆ: 40, 50, 60, ಇನ್ನೊಬ್ಬ ಆಬ್ಸೆಂಟ್. ಸೊನ್ನೆ ಹಾಕಿದವರಿಗೆ ಸರಾಸರಿ 37.5. ಎನ್‌ಎ (ಮಾಹಿತಿ ಇಲ್ಲ ಅನ್ನೋದಕ್ಕೆ ಆರ್ ಬಳಸೋ ಗುರುತು) ಹಾಕಿದವರಿಗೆ ಉತ್ತರವೂ ಎನ್‌ಎ! "ಮೇಡಂ, ಕೆಟ್ಟೋಯ್ತು" ಅಂತ ಕೂಗು. ಎನ್‌ಎಗಳನ್ನು ಬಿಟ್ಟು ಲೆಕ್ಕ ಹಾಕು ಅಂತ ಹೇಳಿಕೊಟ್ಟರೆ 50. ಪರೀಕ್ಷೆಗೇ ಬಾರದವನನ್ನು ಲೆಕ್ಕಕ್ಕೆ ತಗೋಬೇಕಾ ಬೇಡವಾ ಅಂತ ಆಮೇಲೆ ಹತ್ತು ನಿಮಿಷ ಜಗಳ. ಆ ಜಗಳ ಹಚ್ಚೋದು ಸ್ವರ್ಲ್ ಕೈಲಾಗಲ್ಲ, ಅದಕ್ಕೆ ನಾವೇ ಬೇಕು.

ವಿವರಣೆಯೆಲ್ಲ ಇಂಗ್ಲಿಷಲ್ಲೇ. ಕನ್ನಡ ಮಾಧ್ಯಮದಿಂದ ಬಂದವರು ಓದದೇ ಎಂಟರ್ ಒತ್ತುತ್ತಾ ಹೋಗ್ತಾರೆ, ಹಾಗಾಗಿ ಇಬ್ಬಿಬ್ಬರನ್ನು ಕೂರಿಸಿ ಒಬ್ಬರು ಗಟ್ಟಿಯಾಗಿ ಓದಿ ಕನ್ನಡದಲ್ಲಿ ಹೇಳಲೇಬೇಕು ಅಂತ ಮಾಡಿದ್ದೇನೆ. ಬ್ರಾಕೆಟ್ ಮುಚ್ಚದೆ ಎಂಟರ್ ಹೊಡೆದರೆ ಬರೀ + ಗುರುತು ಬಂದು ನಿಲ್ಲುತ್ತೆ. ಬ್ರಾಕೆಟ್ ಮುಚ್ಚಿದರಾಯ್ತು ಅಂತ ಮೊದಲ ದಿನವೇ ಹೇಳಿಬಿಡಿ, ಇಲ್ಲಾಂದ್ರೆ ಕಂಪ್ಯೂಟರ್ ಹ್ಯಾಂಗ್ ಆಯ್ತು ಅಂತ ಸ್ವಿಚ್ಚೇ ಆಫ್ ಮಾಡ್ತಾರೆ.

ಲ್ಯಾಬ್ ನೆಟ್ ನಿಧಾನ ಇದ್ದರೆ ಕೋರ್ಸಿನ ಜಿಪ್ ಫೈಲನ್ನು ಒಂದು ಸಲ ಇಳಿಸಿ ಪೆನ್‌ಡ್ರೈವಲ್ಲಿ ಇಟ್ಟುಕೊಳ್ಳಿ, ಅದರಿಂದಲೇ ಹಾಕಬಹುದು. ಕಲಿತದ್ದು ಎಲ್ಲಿವರೆಗೆ ಅನ್ನೋ ಲೆಕ್ಕ ಆಯಾ ಕಂಪ್ಯೂಟರಲ್ಲೇ, ಕೊಟ್ಟ ಹೆಸರಿನಲ್ಲೇ ಉಳಿಯೋದು. ಜಾಗ ಬದಲಿಸಿದವರು ಮತ್ತೆ 5 + 7ರಿಂದ ಶುರು ಮಾಡಬೇಕು. ಕೊನೇ ಗ್ರಾಫ್ ಪಾಠ ನಾನು ಮಾಡಿಸಲ್ಲ, ಅಷ್ಟೊತ್ತಿಗೆ ಗ್ರಾಫ್ ಬಿಡಿಸೋ ಇನ್ನೊಂದು ಪ್ಯಾಕೇಜು ಜಿಜಿಪ್ಲಾಟ್2 ಹಿಡಿಸಿರ್ತೇನೆ.

ಐದಕ್ಕೆ ಮೂರೂವರೆ.